ಮೇಷ್ಟ್ರು ಎಳೆದ ಉಸಿರು

ಕಾಯುವುದೂ ಹಾಡುವುದರಲ್ಲೇ ಸೇರಿದ್ದು ಎಂದು ತಮ್ಮ ಗಾಯನವೃಂದದವರಿಗೆ ಮೂವತ್ತು ವರ್ಷದಿಂದ ಹೇಳಿಕೊಡುತ್ತಾ ಬಂದ ಮೇಷ್ಟ್ರಿಗೆ ಆ ವಿದ್ಯೆ ತಮಗೇ ಬರುವುದಿಲ್ಲವೆಂದು ಇವತ್ತು ಗೊತ್ತಾಯಿತು. ಪುರಭವನದ ವೇದಿಕೆಯ ಪಕ್ಕದಲ್ಲಿ ಮಡಚುವ ಕುರ್ಚಿಯ ಅಂಚಿನ ಮೇಲೆ ಅವರು ಕೂತಿದ್ದರು. ಪೂರ್ತಿ ಹಿಂದಕ್ಕೆ ಕೂತರೆ ಕುರ್ಚಿ ಕಿರ್ರೆನ್ನುತ್ತದೆ. ಕಿರ್ರೆಂದರೆ ಒಳಕೋಣೆಯಲ್ಲಿ ಯಂತ್ರಗಳ ಮುಂದೆ ಕೂತಿರುವ ಧ್ವನಿಮುದ್ರಣದ ಮೇಡಂ ಅವರ ಕಿವಿಗೆ ಬೀಳುತ್ತದೆ. ಬಿದ್ದರೆ ಮೊದಲಿನಿಂದ ಶುರು. ಮೇಷ್ಟ್ರ ಹಿಂದೆ ಮೂರು ಸಾಲು ಬೆಂಚುಗಳಲ್ಲಿ ನಲವತ್ತು ಜನ, ಬಳೆ ತೆಗೆದು, ಕೀಲಿಗೊಂಚಲು ತೆಗೆದು, ಬೆಳಗಿನಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಮಂದ್ರದ ಸಾಲಿನ ಹಲ್ಲಿನ ಡಾಕ್ಟರು ಶಬ್ದವಾದೀತೆಂದು ಶೂಗಳನ್ನೂ ಬಿಚ್ಚಿಟ್ಟಿದ್ದರು. ಮೇಲೆ ಅಟ್ಟಣೆಯಲ್ಲಿ ಅಳಿಯ ಗೋಡೆಯೆತ್ತರದ ಗಾಳಿಕೊಳವೆಗಳ ಆರ್ಗನ್ ನುಡಿಸುತ್ತಿದ್ದ, ಕೆಳಗೆ ಹನ್ನೆರಡು ಪಿಟೀಲುಗಳು ಅದಕ್ಕೆ ಜವಾಬು ಕೊಡುತ್ತಿದ್ದವು. ಮುನ್ನೂರು ವರ್ಷದ ಹಿಂದಿನ ಕೃತಿ, ನಾಲ್ಕು ಭಾಗ. ಮೂರು ಭಾಗಗಳಲ್ಲಿ ಹಾಡುವವರಿಗೆ ಏನೇನೂ ಕೆಲಸವಿಲ್ಲ. ನಾಲ್ಕನೆಯದರಲ್ಲಿ ಮಾತ್ರ ಎಲ್ಲರೂ ಎದ್ದು ನಿಂತು ‘ಅಲ್ಲೆಲೂಯಾ’ ಎಂಬ ಒಂದೇ ಪದವನ್ನು ತಿರುಗಿಸಿ ಮುರುಗಿಸಿ ಮೂರು ನಿಮಿಷ ಹಾಡಬೇಕು. ಅದೂ ಬೇಕಾದರೆ. ಕೃತಿ ಬರೆದ ಪುಣ್ಯಾತ್ಮ ಎರಡು ಮುಕ್ತಾಯ ಬರೆದಿಟ್ಟಿದ್ದ, ವೃಂದವಿದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ತಾವು ಬಾಲಂಗೋಚಿ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆ.

ತಿಂಗಳ ಹಿಂದೆ, ತವರಿಗೆ ಬಂದಿದ್ದ ಮಗಳು ಅಡುಗೆಮನೆಯಲ್ಲಿ ಗಂಡನೊಡನೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಅವರು ನೀರು ಕುಡಿಯಲು ಹೋಗಿ ಬಾಗಿಲಲ್ಲೇ ನಿಂತುಬಿಟ್ಟಿದ್ದರು. “ಅಪ್ಪನ ವೃಂದಾನೇ ಹಾಕ್ಕೊಳ್ಳಿ ಅಂದ್ರೆ. ಮೂರು ನಿಮಿಷದ ವಿಷಯ. ಅವರಿಗೂ ಒಂದು ಖುಷಿ” ಎಂದಿದ್ದಳು. ಅವರಿಗೂ ಒಂದು ಖುಷಿ. ಅಳುವ ಮಗುವಿನ ಕೈಗೆ ಬೊಂಬೆ ಕೊಟ್ಟ ಹಾಗೆ. ನೀರು ಕುಡಿಯದೆ ಹಿಂದಿರುಗಿ ಬಂದು ಹಾಸಿಗೆಯ ಮೇಲೆ ಕೂತು, ಬೇಡ ಎಂದುಬಿಡಲೇ ಎಂದು ಯೋಚಿಸಿದ್ದರು. ಬೇಡ ಎನ್ನಲು ಅವರೊಬ್ಬರೇ ಆಗಿದ್ದರೆ ಸರಿ. ಈ ನಲವತ್ತು ಜನ? ದರ್ಜಿ ಅಂಗಡಿ ಮುಚ್ಚಿ ಬರುತ್ತಾನೆ, ನರ್ಸಮ್ಮ ರಾತ್ರಿಪಾಳಿ ಮುಗಿಸಿ ಕಣ್ಣು ಉಜ್ಜಿಕೊಳ್ಳುತ್ತಾ ಬರುತ್ತಾಳೆ, ಹಲ್ಲಿನ ಡಾಕ್ಟರು ಯಾರದೋ ದವಡೆಯನ್ನು ಅರ್ಧಕ್ಕೆ ಬಿಟ್ಟೇ ಬಂದವರಂತೆ ಓಡಿಬರುತ್ತಾರೆ. ಇಷ್ಟು ವರ್ಷ ಹಾಡಿದ್ದೆಲ್ಲ ಗಾಳಿಗೆ ಹೋಯಿತು. ಒಂದೇ ಒಂದು ರೆಕಾರ್ಡು, ಎಲ್ಲೋ ಒಂದು ಕಡೆ, ಮೂರು ನಿಮಿಷವಾದರೂ ಉಳಿಯಲಿ ಎಂದು ಇವರಿಗೆ ಆಸೆ. ಸುದ್ದಿ ಹೇಳಿದ ದಿನ ದರ್ಜಿ ಎಲ್ಲರಿಗೂ ಒಂದೇ ಬಣ್ಣದ ಅಂಗಿ ಹೊಲಿಯುತ್ತೇನೆಂದು ಹೊರಟು, “ರೆಕಾರ್ಡಲ್ಲಿ ಅಂಗಿ ಕಾಣಲ್ಲ ಕಣಯ್ಯ” ಎಂದು ಹೇಳಿಸಿಕೊಂಡಿದ್ದ. ಅವರ ಮುಖಗಳನ್ನು ನೋಡಿ ಮೇಷ್ಟ್ರು ತಮ್ಮ ಅಭಿಮಾನವನ್ನು ನುಂಗಿಕೊಂಡಿದ್ದರು. ಆದರೆ ನುಂಗಿದ್ದು ಜೀರ್ಣವಾಗಿರಲಿಲ್ಲ. ದಾನವಾಗಿ ಬಂದ ಮೂರು ನಿಮಿಷ ದಾನ ಅನ್ನಿಸಬಾರದು, ಅಳಿಯ ಕೇಳಿ ಸುಮ್ಮನಾಗಬೇಕು, ಅಷ್ಟು ಚೆನ್ನಾಗಿ ಹಾಡಿಸಬೇಕು ಎಂದು ಒಳಗೇ ಹಟ ಹಿಡಿದಿದ್ದರು.

ಹಾಡಿಸುವುದೆಂದರೆ ಅವರಿಗೆ ಕೈ. ಅವರ ಗುರು ಹೇಳುತ್ತಿದ್ದರು, ಕೈ ಎತ್ತಿದರೆ ಗೋಡೆಗಳೂ ಎಚ್ಚರವಾಗಬೇಕು ಅಂತ. ಮದುವೆಯಾದ ಹೊಸತರಲ್ಲಿ ಬೀರುವಿನ ಕನ್ನಡಿಯ ಮುಂದೆ ನಿಂತು ಬಲಗೈಯನ್ನು ನಿಧಾನವಾಗಿ ಎತ್ತುವುದು, ಮೇಲೆ ಒಂದು ಸಣ್ಣ ಸುತ್ತು, ಆಮೇಲೆ ಹಣ್ಣು ಬಿದ್ದ ಹಾಗೆ ಇಳಿಸುವುದು, ಇದನ್ನೇ ಗಂಟೆಗಟ್ಟಲೆ ಮಾಡುತ್ತಿದ್ದರು. ಹೆಂಡತಿ ಬಾಗಿಲಿಂದ ಇಣುಕಿ, “ಸೊಳ್ಳೆ ಸಿಕ್ತಾ?” ಎಂದು ಕೇಳುತ್ತಿದ್ದಳು. ಅವಳೂ ವೃಂದದಲ್ಲೇ ಇದ್ದಳು, ಮೊದಲ ಸಾಲಿನ ಎಡತುದಿ, ಆಗಲೂ ಈಗಲೂ. ಕಂಡಕ್ಟರ್ ಎಂದರೆ ಯಾವ ರೂಟಿನ ಬಸ್ಸು ಎಂದು ಕೇಳುವ ನೆಂಟರ ನಡುವೆ ಆ ಕೈಯೊಂದೇ ಅವರ ಆಸ್ತಿ. ಪತ್ರಿಕೆಯವನೊಬ್ಬ ಒಮ್ಮೆ ‘ಮಾತಾಡುವ ಕೈ’ ಎಂದು ಬರೆದಿದ್ದ. ಆ ತುಂಡು ಕಾಗದ ಇನ್ನೂ ಬೀರುವಿನೊಳಗೇ ಇದೆ, ಅದನ್ನು ಯಾರಿಗೂ ತೋರಿಸುವುದಿಲ್ಲ, ಆದರೆ ಬಟ್ಟೆ ತೆಗೆಯುವಾಗ ಒಂದು ಸಲ ನೋಡಿಕೊಳ್ಳುತ್ತಾರೆ.

ಮೂರನೆಯ ಭಾಗ ಮುಗಿದು ವೃಂದದ ಸರದಿ ಬಂತು. ಎಲ್ಲರೂ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಅಟ್ಟಣೆಯ ಕೆಳಗೆ ನಿಂತರು. ಮೇಷ್ಟ್ರು ಕೈ ಎತ್ತಿದರು, ಇಳಿಸಿದರು, ಆರ್ಗನ್ನೂ ನಲವತ್ತು ಗಂಟಲೂ ಒಂದೇ ಬಾಯಾಗಿ ಹೊರಟವು. ಅವರ ಬೆನ್ನಿನ ಮೇಲೆ ಜುಮ್ಮೆಂದಿತು. ಮುಗಿದ ಮೇಲೆ ಗೋಡೆಯ ಧ್ವನಿವರ್ಧಕದಿಂದ ಮೇಡಂ ಮಾತು ಬಂತು. “ಚೆನ್ನಾಗಿತ್ತು. ಆದ್ರೆ ಶುರುವಾಗೋ ಮುಂಚೆ ಯಾರೋ ಜೋರಾಗಿ ಉಸಿರು ಎಳ್ಕೊಂಡ್ರು. ಒಬ್ರೇ. ತುಂಬಾ ಕೇಳಿಸ್ತಿದೆ. ಇನ್ನೊಂದ್ಸಲ ಮಾಡೋಣ.” ಮೇಷ್ಟ್ರು ಸಾಲುಗಳ ಕಡೆ ನೋಡಿದರು. ನಲವತ್ತು ಜನರೂ ನೆಲ ನೋಡುತ್ತಿದ್ದರು. ಆಮೇಲೆ ಹಲ್ಲಿನ ಡಾಕ್ಟರು ಕೈ ಎತ್ತಿ, “ನಂದೇ ಸಾರ್. ಸ್ವಲ್ಪ ನೆಗಡಿ” ಎಂದರು. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಅಳಿಯ ಮೇಲಿಂದ ಕೇಳುತ್ತಿದ್ದಾನೆ, ಪಿಟೀಲಿನವರು ಕೇಳುತ್ತಿದ್ದಾರೆ. “ಇಷ್ಟು ವರ್ಷ ಆಯ್ತಲ್ಲ ಡಾಕ್ಟ್ರೇ, ಉಸಿರಾಡೋದನ್ನೂ ನಾನೇ ಹೇಳ್ಕೊಡ್ಬೇಕಾ?” ಎಂದುಬಿಟ್ಟರು. ತಮಗಿಂತ ಎರಡು ವರ್ಷ ದೊಡ್ಡವರಾದ ಆ ಮನುಷ್ಯ ಕಾಲುಚೀಲದಲ್ಲಿ ನಿಂತು, “ತಪ್ಪಾಯ್ತು ಸಾರ್” ಎಂದು ತಲೆ ತಗ್ಗಿಸಿದರು. ಎರಡನೆಯ ಸಲವೂ ಅದೇ ಉಸಿರು ಎಂದರು ಮೇಡಂ. ಈ ಬಾರಿ ದರ್ಜಿ ಮುಂದೆ ಬಂದು, “ಇದು ನಂದು ಮೇಡಂ” ಎಂದ. ಅವನ ಮಾತು ಮುಗಿಯುವ ಮೊದಲೇ ನರ್ಸಮ್ಮನೂ ಬಾಯಿ ತೆರೆದಿದ್ದಳು. ಧ್ವನಿವರ್ಧಕ, “ಮೇಷ್ಟ್ರೇ, ಒಂದ್ನಿಮಿಷ ಒಳಗೆ ಬರ್ತೀರಾ?” ಎಂದಿತು.

ಒಳಕೋಣೆ ಎಂದರೆ ನಾಟಕದವರು ಬಣ್ಣ ಬಳಿದುಕೊಳ್ಳುವ ಜಾಗ. ಗೋಡೆಗೆಲ್ಲ ದಪ್ಪ ಕಂಬಳಿ ಇಳಿಬಿಟ್ಟಿದ್ದರು. ಬಣ್ಣದ ಕನ್ನಡಿಯ ಮುಂದೆ ಯಂತ್ರ, ಅದರ ಮುಂದೆ ತಲೆಗೂದಲು ಅರ್ಧ ನೆರೆತ ಮೇಡಂ, ಕಿವಿಗೆ ಹಾಕಿಕೊಳ್ಳುವುದನ್ನು ಇವರ ಕೈಗೆ ಕೊಟ್ಟು, “ನೀವೇ ಕೇಳಿ” ಎಂದರು, ಬೇಸರದಿಂದಲ್ಲ, ರೋಗಿಗೆ ಎಕ್ಸ್‌ರೇ ತೋರಿಸುವವರ ಮೃದುತನದಿಂದ. ಮೊದಲು ಖಾಲಿ ಸಭಾಂಗಣದ ಮೌನ. ಆಮೇಲೆ ಕಿವಿಯ ಪಕ್ಕದಲ್ಲೇ, ಮೂಗಿನಿಂದ ಶುರುವಾಗಿ ಬಾಯಿಯಲ್ಲಿ ಮುಗಿಯುವ ಒಂದು ದೊಡ್ಡ ಉಸಿರು. ಮೇಷ್ಟ್ರಿಗೆ ಅದು ಪರಿಚಯದ ಉಸಿರು. ಅಮ್ಮನದು. ಹಿತ್ತಲಿನ ನಲ್ಲಿಯ ಕೆಳಗೆ ತುಂಬಿದ ಬಕೆಟ್ಟನ್ನು ಎತ್ತುವ ಮೊದಲು ಅಮ್ಮ ಹೀಗೇ ಎಳೆಯುತ್ತಿದ್ದಳು, ಅದು ಕೇಳಿಸಿದೊಡನೆ ಒಳಗೆ ಆಡುತ್ತಿದ್ದ ಮಕ್ಕಳು ಬಾಗಿಲು ಬಿಟ್ಟು ದಾರಿ ಮಾಡುತ್ತಿದ್ದರು, ಯಾರೂ ಹೇಳದೆ. ಅಮ್ಮನ ಉಸಿರು ಇಲ್ಲಿಗೆ ಹೇಗೆ ಬಂತು ಎಂದು ಕ್ಷಣಕಾಲ ಬೆರಗಾಗಿ ನಿಂತವರಿಗೆ, ಅಮ್ಮ ಹೋಗಿ ಎಷ್ಟೋ ವರ್ಷವಾಯಿತು, ಇದು ತನ್ನದೇ ಮೂಗು ಎಂದು ಹೊಳೆಯಲು ಹೊತ್ತು ಹಿಡಿಯಿತು. ಹೊಳೆದ ಮೇಲೆ ಕಣ್ಣ ಮುಂದೆ ಬಂದದ್ದು ಹಲ್ಲಿನ ಡಾಕ್ಟರ ತಗ್ಗಿದ ತಲೆ. “ನಾನಾ?” ಎಂದರು. ಮೇಡಂ ತಲೆಯಾಡಿಸಿದರು. “ನಡುವಿನ ಮೈಕು ನಿಮ್ಮ ಎದುರಿಗೇ ಇದೆ. ಇದನ್ನ ನಾನು ಕತ್ತರಿಸಿ ತೆಗೀಬಹುದು, ಆದ್ರೆ ಅದರ ತುದಿ ಹಾಡಿಗೇ ಅಂಟ್ಕೊಂಡಿದೆ, ಹಾಡಿನ ತಲೇನೂ ಹೋಗತ್ತೆ. ಉಸಿರು ಕಟ್ಟಿ ಶುರು ಮಾಡೋಕಾಗತ್ತಾ ನೋಡಿ.”

ಹೊರಗೆ ಪಡಸಾಲೆಯಲ್ಲಿ ಹೆಂಡತಿ ಚಹಾದ ಲೋಟ ಹಿಡಿದು ಕಾಯುತ್ತಿದ್ದಳು. ಇವರ ಮುಖ ನೋಡಿದೊಡನೆ, “ಗೊತ್ತಾಯ್ತಾ?” ಎಂದಳು.

“ನಿನಗೆ ಮುಂಚೇನೇ ಗೊತ್ತಿತ್ತಾ?”

“ಊರಿಗೆಲ್ಲ ಗೊತ್ತು ರೀ. ನಿಮಗೆ ಗೊತ್ತಿಲ್ಲ ಅನ್ನೋದು ನನಗೆ ಗೊತ್ತಿರಲಿಲ್ಲ.”

“ಹೇಳೋದಲ್ವಾ? ಆ ಡಾಕ್ಟರನ್ನ ಎಲ್ಲರೆದುರು ಹಾಗೆ ಬೈದೆನಲ್ಲೇ!”

“ಹೇಳಿ ಏನು ಮಾಡೋದು? ನಾವೆಲ್ಲ ಶುರು ಮಾಡೋದೇ ಅದನ್ನ ಕೇಳ್ಕೊಂಡು. ಹೊಸಬರು ಬಂದ್ರೆ ಮೊದಲು ಅದನ್ನೇ ಹೇಳಿಕೊಡ್ತೀವಿ, ಮೇಷ್ಟ್ರ ಉಸಿರು ಕೇಳು, ಕೇಳಿದ್ ತಕ್ಷಣ ಬಾಯಿ ಬಿಡು ಅಂತ. ನಿಮ್ಮ ಬೆನ್ನ ಹಿಂದೆ ನಿಮಗೆ ‘ತಿದಿ ಮೇಷ್ಟ್ರು’ ಅಂತಾನೇ ಹೆಸರು.”

“ತಿದೀನಾ? ಕಮ್ಮಾರರ ತಿದೀನಾ?” ಮೇಷ್ಟ್ರು ಅವಳ ಕೈಯಿಂದ ಚಹಾದ ಲೋಟ ತೆಗೆದುಕೊಂಡರು. “ಮತ್ತೆ ನನ್ನ ಕೈ?”

ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದವಳಿಗೆ ಎಲ್ಲಿ ಸುಳ್ಳು ಹೇಳಬೇಕೆಂದು ಗೊತ್ತಿತ್ತು, ಇದು ಆ ಜಾಗವಲ್ಲ ಎಂದೂ ಗೊತ್ತಿತ್ತು. “ಕೈ ಚೆನ್ನಾಗೇ ಇದೆ ಬಿಡಿ, ನೋಡೋಕೆ” ಎಂದು ಅವರ ಅಂಗಿಯ ಕಾಲರು ಸರಿಮಾಡಿದಳು. ಅವರಿಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಚಹಾ ಬಿಸಿಯಿತ್ತು, ಅವಳು ತನ್ನ ಪಾಲಿನ ಸಕ್ಕರೆಯನ್ನೂ ಅದಕ್ಕೇ ಹಾಕಿಸಿದ್ದಳು. ಆದರೆ ಬೀರುವಿನ ಕನ್ನಡಿ, ಆ ಸಣ್ಣ ಸುತ್ತು, ‘ಮಾತಾಡುವ ಕೈ’, ಎಲ್ಲವೂ ಒಂದಾದ ಮೇಲೊಂದು ಎದ್ದು ಬಂದು ಅವರನ್ನು ನೋಡಿ ನಕ್ಕವು. ಯಾರೂ ನೋಡದ ಕೈಯನ್ನು ಮೂವತ್ತು ವರ್ಷ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದೆನಲ್ಲ ಎಂದುಕೊಂಡರು.

ಮೂರನೆಯ ಸಲ ಅವರು ತುಟಿ ಬಿಗಿದು, ಹೊಟ್ಟೆ ಒಳಗೆಳೆದು, ಉಸಿರು ಕಟ್ಟಿ ನಿಂತರು. ಕೈ ಎತ್ತಿದರು. ಇಷ್ಟು ಸೊಗಸಾಗಿ ಅವರು ಎಂದೂ ಎತ್ತಿರಲಿಲ್ಲ. ಸುತ್ತಿಸಿದರು, ಇಳಿಸಿದರು. ಏನೂ ಆಗಲಿಲ್ಲ. ಆಮೇಲೆ ಎಲ್ಲಿಂದಲೋ ಒಂದು ತಾರದ ದನಿ ಒಬ್ಬಂಟಿಯಾಗಿ ‘ಅ’ ಎಂದಿತು, ಅದಕ್ಕೆ ಹೆದರಿ ನಾಲ್ಕು ಜನ ‘ಲ್ಲೆ’ ಎಂದರು, ದರ್ಜಿ ದನಿ ಸೇರಿಸಿದಾಗ ಉಳಿದವರು ‘ಲೂ’ದಲ್ಲಿದ್ದರು, ಆರ್ಗನ್ನು ಇದ್ಯಾವುದೂ ತನ್ನದಲ್ಲವೆಂಬಂತೆ ತಡವಾಗಿ ಗುಡುಗಿ ನಿಂತುಹೋಯಿತು. ಪಿಟೀಲಿನವರಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಂದು ಸಲ ಮಾಡಿದರು, ಇನ್ನೂ ಕೆಟ್ಟಿತು. ಧ್ವನಿವರ್ಧಕದ ದನಿ ಈಗ ಬಹಳ ಎಚ್ಚರಿಕೆಯಿಂದ ಮಾತಾಡಿತು. ಸಂಜೆಗೆ ಪಿಟೀಲಿನವರು ಹೊರಡುತ್ತಾರೆ, ಇದಕ್ಕೆ ವೃಂದವಿಲ್ಲದ ಮುಕ್ತಾಯವೂ ಇದೆಯಂತಲ್ಲ, ಯೋಚಿಸಿ ನೋಡಿ, ಹತ್ತು ನಿಮಿಷ ಬಿಡುವು. ಎಲ್ಲರೂ ಬೆಂಚುಗಳಿಗೆ ಮರಳಿದರು. ನರ್ಸಮ್ಮ ಬಿಚ್ಚಿಟ್ಟ ಬಳೆಗಳನ್ನು ಚೀಲದಿಂದ ತೆಗೆದು ಕೈಯಲ್ಲಿ ಹಿಡಿದು, ತೊಡಲೋ ಬೇಡವೋ ಎಂದು ತಿಳಿಯದೆ ಕೂತಳು. ತನ್ನಿಂದ, ತನ್ನೊಬ್ಬನ ಮೂಗಿನಿಂದ ಇವರ ಮೂರು ನಿಮಿಷವೂ ಹೋಯಿತು ಎಂದುಕೊಂಡು ಮೇಷ್ಟ್ರು ಅಟ್ಟಣೆಯ ಕಡೆಗೆ ಹೊರಟರು.

ಬೇಡ ಎನ್ನುವ ಕಷ್ಟ ಅಳಿಯನಿಗೆ ಬರಬಾರದು, ತಾವೇ ಹೇಳಿಬಿಡಬೇಕು. ಅಟ್ಟಣೆಯ ಮೆಟ್ಟಿಲು ಮರದ್ದು, ಇಕ್ಕಟ್ಟು, ಗೋಡೆಯಾಚೆ ಆರ್ಗನ್ನಿನ ಕೊಳವೆಗಳಿಗೆ ಗಾಳಿ ಹೋಗುವ ಸದ್ದು ಕೇಳುತ್ತಿತ್ತು. ಹತ್ತುತ್ತಾ ಅವರಿಗೆ ಹಳೆಯ ದಿನವೊಂದು ನೆನಪಾಯಿತು. ಎರಡನೆಯ ಸಾಲಿನ ಕೊನೆಯಲ್ಲಿ ನಿಂತು, ಮುಂದಿನ ಸಾಲಿನ ಮಗಳ ಜಡೆಯನ್ನು ನೋಡುತ್ತಾ ಸ್ವರ ತಪ್ಪುತ್ತಿದ್ದ ಕಡ್ಡಿಯಂಥ ಹುಡುಗ. ಅವನನ್ನೂ ಎಷ್ಟು ಬೈದಿದ್ದರು! ಆ ಹುಡುಗ ಈಗ ಊರೂರಿನ ದೊಡ್ಡ ಆರ್ಗನ್ನುಗಳನ್ನು ನುಡಿಸುತ್ತಾನೆ, ಮನೆಗೆ ಬಂದರೆ ಮಾವನೆದುರು ಕುರ್ಚಿಯ ಅಂಚಿನಲ್ಲಿ ಕೂರುತ್ತಾನೆ, ಇಬ್ಬರೂ ಹವಾಮಾನದ ವಿಷಯ ಮಾತಾಡಿ ಮುಗಿಸುತ್ತಾರೆ. ಮೇಲೆ ಬಂದಾಗ ಅವನು ಆರ್ಗನ್ನಿನ ಬೆಂಚಿನ ಮೇಲೆ ಕೂತು ಬೆರಳುಗಳನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದ. ಗಡಬಡಿಸಿ ಎದ್ದ.

“ಕೂತ್ಕೊಳಪ್ಪ. ನೋಡು, ವೃಂದ ಇಲ್ಲದೇನೇ ಮುಗಿಸ್ಬಿಡು. ನಾನು ಅವರಿಗೆ ಹೇಳ್ತೀನಿ. ನನ್ನ ಖುಷಿಗೆ ಅಂತ ನಿನ್ನ ಕೆಲಸ ಕೆಡಿಸ್ಕೋಬೇಡ.”

“ನಿಮ್ಮ ಖುಷಿಗಾ?” ಅಳಿಯ ನಿಜವಾಗಿಯೂ ತಬ್ಬಿಬ್ಬಾದ. “ಮಾವ, ನಾನು ಅಷ್ಟು ಒಳ್ಳೆಯವನಲ್ಲ. ರೆಕಾರ್ಡಿಂಗ್ ವಿಷಯದಲ್ಲಿ ಯಾರ ಖುಷೀನೂ ನೋಡಲ್ಲ ನಾನು. ಬೇಕಾದ್ರೆ ನಿಮ್ಮ ಮಗಳನ್ನೇ ಕೇಳಿ.”

“ಮತ್ತೆ ಆಗ ಅವರು ತಪ್ಪಿದ್ದು...”

“ಅವರಲ್ಲ. ಮೊದಲು ತಪ್ಪಿದ್ದು ನಾನು.” ಅವನು ಆರ್ಗನ್ನಿನ ಮೇಲೆ ಸಿಕ್ಕಿಸಿದ್ದ ಅಂಗೈಯಗಲದ ಕನ್ನಡಿ ತೋರಿಸಿದ. ನುಡಿಸುವವನ ಬೆನ್ನು ಸಭಾಂಗಣಕ್ಕೆ. ಕೆಳಗೆ ನಿಂತವರ ಸನ್ನೆ ನೋಡಲು ಆ ಕನ್ನಡಿ. “ಇದ್ರಲ್ಲಿ ನಿಮ್ಮ ಕೈ ಕಾಣತ್ತೆ. ಮಾವ, ಬೇಜಾರು ಮಾಡ್ಕೋಬೇಡಿ. ಆ ಕೈ ನೋಡಿ ಜಗತ್ತಲ್ಲಿ ಯಾರಿಗೂ ಶುರು ಮಾಡೋಕಾಗಲ್ಲ. ಮೇಲೆ ಹೋಗತ್ತೆ, ಅಲ್ಲೇನೋ ಸುತ್ತತ್ತೆ, ಯಾವಾಗ ಇಳೀತು ಅಂತಾನೇ ಗೊತ್ತಾಗಲ್ಲ. ನಾನು ಯಾವತ್ತೂ ನಿಮ್ಮ ಉಸಿರು ಕೇಳಿಯೇ ಶುರು ಮಾಡಿದ್ದು. ಹುಡುಗ ಆಗಿದ್ದಾಗ ಅದನ್ನೇ ಕಲ್ತಿದ್ದು. ಈ ಕೃತೀನ ಬೇರೆ ಊರುಗಳಲ್ಲಿ ಎಷ್ಟೋ ಸಲ ನುಡಿಸಿದೀನಿ, ಕೊನೆ ಭಾಗ ಸರಿಯಾಗಿ ಹೊರಟಿದ್ದೇ ಇಲ್ಲ. ಇವತ್ತು ಮೊದಲ ಸಲ ಹೊರಟಾಗ ನನಗೆ...” ಅವನು ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. “ನೀವು ಉಸಿರು ಎಳೀದೇ ಇದ್ರೆ ನಾನು ಹೆಂಗೆ ಶುರು ಮಾಡ್ಲಿ ಹೇಳಿ.”

ಮಳೆ ಬರೋ ಹಾಗಿದೆ ಎಂದು ಮೇಷ್ಟ್ರ ಬಾಯಿಗೆ ಬಂದಿತ್ತು, ತಡೆದುಕೊಂಡರು. ಅಳಿಯ ಕಟಕಟೆಗೆ ಒರಗಿ ಕೆಳಗಿನ ಮೈಕಿಗೆ ಕೇಳುವಂತೆ ಕೂಗಿದ, “ಮೇಡಂ, ಉಸಿರು ಇರಲಿ. ವೃಂದಾನೂ ಇರಲಿ.”

“ಕೇಳೋರು ಆರ್ಗನ್ ಸೋರ್ತಿದೆ ಅಂದ್ಕೋತಾರೆ ಸಾರ್.”

“ಅಂದ್ಕೊಳ್ಳಲಿ. ಆರ್ಗನ್ ಅಲ್ಲ, ನಮ್ಮ ಮಾವ ಅಂತ ಹೇಳ್ತೀನಿ.”

ಕೆಳಗೆ ಬೆಂಚುಗಳ ಮೇಲೆ ಗುಸುಗುಸು ಎದ್ದಿತು. ಮೇಷ್ಟ್ರು ಮೆಟ್ಟಿಲಿಳಿದವರು ನೇರ ಮಂದ್ರದ ಸಾಲಿಗೆ ಹೋಗಿ ನಿಂತರು. “ಡಾಕ್ಟ್ರೇ, ತಪ್ಪು ನಂದು. ಎಲ್ಲರೆದುರು ಬೈದೆ, ಎಲ್ಲರೆದುರೇ ಕೇಳ್ಕೋತೀನಿ. ಕ್ಷಮಿಸಿಬಿಡಿ.” ಹಲ್ಲಿನ ಡಾಕ್ಟರು ಕಾಲುಚೀಲದ ಬೆರಳುಗಳನ್ನು ಮಡಚಿಕೊಂಡು, “ಅಯ್ಯೋ ಬಿಡಿ ಸಾರ್. ಒಂದಿನ ನೀವೂ ನನ್ನ ಕುರ್ಚಿ ಮೇಲೆ ಬಾಯಿ ತೆಗೀತೀರಲ್ಲ, ಆಗ ನೋಡ್ಕೊಳ್ಳೋಣ” ಎಂದರು. ಸಾಲು ಸಾಲೇ ನಕ್ಕಿತು. ನರ್ಸಮ್ಮ ಬಳೆಗಳನ್ನು ಮತ್ತೆ ಚೀಲಕ್ಕೆ ಹಾಕಿದಳು.

ಮತ್ತೆ ಎಲ್ಲರೂ ನಿಂತರು. ಮೌನವಾಯಿತು. ಮೇಷ್ಟ್ರು ಕೈ ಎತ್ತಿದರು, ಆಗ ಹೊಸ ಪೀಕಲಾಟ ಶುರುವಾಯಿತು. ಉಸಿರು ಎಳೆಯುವುದು ಹೇಗೆ? ಇಷ್ಟು ದಿನ ತಾನಾಗಿ ಬಂದದ್ದು ಈಗ ಕರೆದರೆ ಬರುತ್ತದೆಯೇ? ಮೊದಲು ಮೂಗೋ ಬಾಯೋ? ಎಷ್ಟು ಉದ್ದ? ಅಮ್ಮ ಬಕೆಟ್ ಎತ್ತುವಾಗ ಯೋಚಿಸಿದ್ದಳೇ? ಯೋಚಿಸಿದ್ದರೆ ನೀರೆಲ್ಲ ಅಂಗಳಕ್ಕೇ ಹೋಗುತ್ತಿತ್ತು. ಎದೆ ಹಲಗೆಯಂತಾಯಿತು. ಬೇಡದಿದ್ದಾಗ ಮೈಕು ತುಂಬಿದ ಉಸಿರು ಬೇಕಾದಾಗ ಹೊಸ್ತಿಲಾಚೆ ನಿಂತುಬಿಟ್ಟಿತ್ತು. ಅಳಿಯ ಮೇಲೆ ಕಾಯುತ್ತಿದ್ದಾನೆ, ಕಿವಿಯನ್ನು ಇತ್ತ ಕೊಟ್ಟು. ಯಂತ್ರ ತಿರುಗುತ್ತಿದೆ. ಇನ್ನು ಆಗುವುದಿಲ್ಲ, ನಾನು ಕೆಟ್ಟೆ ಎಂದುಕೊಂಡು ಸಹಾಯಕ್ಕೆಂಬಂತೆ ಅವರು ಎದುರಿನ ಮುಖಗಳನ್ನು ನೋಡಿದರು.

ನಲವತ್ತು ಜನರೂ ಅವರನ್ನೇ ನೋಡುತ್ತಿದ್ದರು. ಮೂವತ್ತು ವರ್ಷದಲ್ಲಿ ಇಷ್ಟು ಏಕಾಗ್ರತೆಯಿಂದ ಯಾರೂ ಅವರನ್ನು ನೋಡಿರಲಿಲ್ಲ. ಪುಸ್ತಕದಲ್ಲಿ ತಲೆ ಹುದುಗಿಸುತ್ತಿದ್ದ ದರ್ಜಿಯೂ ಕಣ್ಣೆತ್ತಿದ್ದ. ಹಲ್ಲಿನ ಡಾಕ್ಟರು ಕನ್ನಡಕ ಏರಿಸಿಕೊಂಡಿದ್ದರು. ಹೆಂಡತಿ ಎಡತುದಿಯಿಂದ ಕತ್ತು ಚಾಚಿದ್ದಳು. ಯಾರ ನೋಟವೂ ಎತ್ತಿದ ಕೈಯ ಮೇಲಿರಲಿಲ್ಲ. ಎಂಬತ್ತು ಕಣ್ಣುಗಳು ದೇವರನ್ನು ನೋಡುವ ಭಕ್ತಿಯಿಂದ ಅವರ ಮೂಗನ್ನು ನೋಡುತ್ತಿದ್ದವು. ಮೇಷ್ಟ್ರಿಗೆ ನಗು ಬಂತು. ಸದ್ದಿಲ್ಲದೆ, ಹೊಟ್ಟೆಯಿಂದ, ತಡೆಯಲಾರದ ನಗು. ಭುಜ ಕುಣಿಯಿತು, ಎದೆಯಲ್ಲಿದ್ದ ಗಾಳಿಯೆಲ್ಲ ಖಾಲಿಯಾಯಿತು, ಹೆಂಡತಿ ಕಣ್ಣಗಲಿಸಿ ಏನ್ರೀ ಎಂಬಂತೆ ನೋಡಿದಳು, ಅವಳ ಆ ಮುಖಕ್ಕೆ ನಗು ಇನ್ನೊಂದು ಸುತ್ತು ಬಂದು, ಕೊನೆಗೆ ಒಳಗೆ ಚೂರೂ ಗಾಳಿ ಉಳಿಯದೆ, ಬದುಕಬೇಕಲ್ಲ ಎಂದು ಜೀವವೇ ತಾನಾಗಿ ಮೂಗಿನಿಂದ ಬಾಯಿಯವರೆಗೆ ಒಂದು ದೊಡ್ಡ ಉಸಿರನ್ನು ಎಳೆದುಕೊಂಡಿತು.

ಅಷ್ಟೇ. ಮೇಲಿಂದ ಆರ್ಗನ್ನು, ಎದುರಿನಿಂದ ನಲವತ್ತು ಗಂಟಲು, ಕೂದಲೆಳೆಯ ಸಂದೂ ಇಲ್ಲದೆ ಒಟ್ಟಿಗೆ ಬಂದು ಅವರ ಎದೆಗೆ ಬಡಿದವು. ನೆಲದ ಹಲಗೆ ನಡುಗಿತು. ದರ್ಜಿ ಹಾಡುತ್ತಿದ್ದ, ನರ್ಸಮ್ಮ ಹಾಡುತ್ತಿದ್ದಳು, ಇವರ ಮನೆಯವಳು ನಗುವನ್ನೂ ಹಾಡನ್ನೂ ಒಂದೇ ಬಾಯಲ್ಲಿ ಹಿಡಿದು ಹಾಡುತ್ತಿದ್ದಳು. ಇಷ್ಟು ಜನ ತನ್ನನ್ನು ಇಷ್ಟು ವರ್ಷ ಕೇಳುತ್ತಲೇ ಇದ್ದರು ಎಂದು ಮೇಷ್ಟ್ರಿಗೆ ಅಳು ಬರುವಷ್ಟು ಸಂತೋಷವಾಯಿತು. ಹಾಡು ನಾಲ್ಕು ಸಾಲು ಮುಂದೆ ಹೋದ ಮೇಲೆ ಅವರಿಗೆ ಅರಿವಾಯಿತು, ತಮ್ಮ ಕೈ ಇನ್ನೂ ಎತ್ತಿದ ಜಾಗದಲ್ಲೇ ಇದೆ, ಇಳಿಸಲು ಮರೆತೇಹೋಗಿದೆ.